ಎರಡು ಸಹಿ ಬಾಕಿ

ಕ್ರೇಲಿ ಹೀತ್ ಗಾಲ್ಫ್ ಕ್ಲಬ್ಬು ಶುರುವಾಗಿ ನೂರಾ ಹನ್ನೆರಡು ವರ್ಷವಾಯಿತು. ಸೇರಬೇಕೆಂದು ಬಂದ ಒಬ್ಬನಿಗೂ ಅಲ್ಲಿ ‘ಆಗುವುದಿಲ್ಲ’ ಎಂದು ಹೇಳಿದ್ದಿಲ್ಲ. ಅಲ್ಲಿಯವರು ಅಷ್ಟು ಒರಟರಲ್ಲ. ಹಜಾರದ ಮೇಜಿನ ಮೇಲೆ ಚರ್ಮದ ರಟ್ಟಿನ ಒಂದು ಪುಸ್ತಕವಿದೆ. ಸೇರಬಯಸುವವನ ಹೆಸರನ್ನು ಅದರ ಒಂದು ಪುಟದ ತಲೆಗೆ ಬರೆಯುತ್ತಾರೆ. ಅವನೊಡನೆ ಆಡಿ, ಅವನೊಡನೆ ಉಂಡು, ಪರವಾಗಿಲ್ಲ ಅನ್ನಿಸಿದ ಸದಸ್ಯರು ಕೆಳಗೆ ಸಹಿ ಹಾಕುತ್ತಾರೆ. ಒಂಬತ್ತು ಸಹಿ ಬಿದ್ದರೆ ಅವನು ಒಳಗೆ. ಬೀಳದಿದ್ದರೆ ಪುಟ ತನ್ನ ಪಾಡಿಗೆ ತಾನು ಇರುತ್ತದೆ. ಕೆಲವು ಪುಟಗಳು ತಮ್ಮ ತಲೆಯ ಮೇಲಿನ ಹೆಸರಿನವರಿಗಿಂತ ಹೆಚ್ಚು ಕಾಲ ಬಾಳಿವೆ.

ಲಯನೆಲ್ ಸ್ಕೀಟ್‌ನ ಪುಟಕ್ಕೆ ಒಂಬತ್ತು ವರ್ಷ ತುಂಬಿತ್ತು, ಏಳು ಸಹಿ ಬಿದ್ದಿದ್ದವು. ಆ ಏಳು ಜನರಲ್ಲಿ ಮೂವರನ್ನು ಆಮೇಲೆ ಅವನೇ ಮಣ್ಣು ಮಾಡಿದ್ದ. ಸತ್ತವರ ಸಹಿ ಲೆಕ್ಕಕ್ಕಿದೆಯೇ ಎಂದು ಅವನು ಒಮ್ಮೆ ಬಲು ಸಂಕೋಚದಿಂದ ಕೇಳಿದ್ದ. ಇದೆ ಎಂದಿದ್ದರು. ಸತ್ತ ಸದಸ್ಯರ ಬಗ್ಗೆ ಆ ಕ್ಲಬ್ಬಿಗೆ ಬದುಕಿರುವವರ ಮೇಲಿದ್ದಷ್ಟೇ ಗೌರವ.

ಮಣ್ಣು ಮಾಡುವುದು ಅವನ ಕಸುಬು. ಇಂಗ್ಲೆಂಡಿನ ಸರ್ರೆ ಜಿಲ್ಲೆಯ ಆ ಕಡೆಯಲ್ಲಿ ಅನುಕೂಲಸ್ಥರ ಮನೆಯಲ್ಲಿ ಸಾವಾದರೆ, ವೈದ್ಯರು ಹೋದ ಮೇಲೆ ಮಾಡುವ ಮೊದಲ ಫೋನು ರೈಲು ನಿಲ್ದಾಣದ ಹಿಂದಿನ ಬೀದಿಯ ‘ಸ್ಕೀಟ್ ಮತ್ತು ಮಗ’ ಅಂಗಡಿಗೆ. ಹೀಗಾಗಿ ಕ್ರೇಲಿ ಹೀತ್‌ನ ಸದಸ್ಯರಲ್ಲಿ ಎಷ್ಟೋ ಜನ ಅವನಿಗೆ ಹತ್ತಿರದಿಂದ ಪರಿಚಯ. ಆದರೆ ಪರಿಚಯವಾಗುವ ಹೊತ್ತಿಗೆ ಅವರಲ್ಲಿ ಸಹಿ ಹಾಕುವ ತ್ರಾಣ ಇರುತ್ತಿರಲಿಲ್ಲ. ಮಿಕ್ಕವರು ಅವನನ್ನು ಕಪ್ಪು ಕೋಟಿನಲ್ಲಿ, ಕೈಕಟ್ಟಿ, ತಲೆ ತಗ್ಗಿಸಿ ನಿಂತದ್ದನ್ನು ಕಂಡವರು. ಹಳದಿ ಸ್ವೆಟರು ತೊಟ್ಟು ಎದುರಾದರೆ ‘ಇವನನ್ನು ಎಲ್ಲೋ ನೋಡಿದ್ದೇನಲ್ಲ’ ಎಂದು ಹುಬ್ಬು ಗಂಟಿಕ್ಕುತ್ತಿದ್ದರು. ಎಲ್ಲಿ ಎಂಬುದು ಹೊಳೆದ ಕೂಡಲೇ ಹವಾಮಾನದ ಮಾತು ತೆಗೆಯುತ್ತಿದ್ದರು.

ಅವನು ಆ ಮೈದಾನಕ್ಕೆ ಮೊದಲ ಸಲ ಕಾಲಿಟ್ಟದ್ದು ಮೂವತ್ತನಾಲ್ಕರ ವಯಸ್ಸಿನಲ್ಲಿ, ಕೈಯಲ್ಲಿ ಬೂದಿಯ ಡಬ್ಬಿ ಹಿಡಿದು. ಒಬ್ಬ ಹಳೇ ಸದಸ್ಯನ ಕೊನೆಯಾಸೆ: ಒಂಬತ್ತನೆಯ ಕುಳಿಯ ಬಲಕ್ಕೆ, ಹೆದರ್ ಪೊದೆಯ ನಡುವೆ. ಆಗಸ್ಟ್ ತಿಂಗಳು. ಮೊಣಕಾಲೆತ್ತರದ ಆ ಪೊದೆಗಳೆಲ್ಲ ನೇರಳೆ ಹೂ ಬಿಟ್ಟು, ಮರಳು ನೆಲ ಬಿಸಿಲಿಗೆ ಬೆಳ್ಳಗೆ ಹೊಳೆದು, ಪೈನ್ ಮರಗಳ ನಡುವೆ ಹುಲ್ಲಿನ ಹಾದಿ ಹಸಿರು ಹೊಳೆಯಂತೆ ಬಾಗಿ ಹೋಗಿತ್ತು. ವಿಧವೆ ಅಳುತ್ತಿದ್ದಳು. ಲಯನೆಲ್ ಗಾಳಿ ಯಾವ ಕಡೆಗಿದೆ ನೋಡಿಕೊಂಡು, ಸಂದರ್ಭಕ್ಕೆ ತಕ್ಕ ಮುಖ ಹೊತ್ತು, ಡಬ್ಬಿ ಬೋರಲು ಹಾಕುತ್ತ, ಇಲ್ಲಿಂದ ಕುಳಿಯ ಬಳಿಗೆ ಚೆಂಡು ಮುಟ್ಟಿಸಲು ಐದನೇ ನಂಬರಿನ ಕೋಲು ಸಾಕು ಎಂದು ಲೆಕ್ಕ ಹಾಕುತ್ತಿದ್ದ. ಅಲ್ಲಿಂದಾಚೆ ಊರ ಹೊರಗಿನ ನಗರಸಭೆಯ ಮೈದಾನದಲ್ಲಿ ಅವನಿಗೆ ಆಟವೇ ರುಚಿಸಲಿಲ್ಲ. ಅದು ಜೇಡಿಮಣ್ಣಿನ ಮೈದಾನ. ಚಳಿಗಾಲದಲ್ಲಿ ಆಡಿದರೆ ಅರ್ಧ ಮೈದಾನ ಬೂಟಿಗೆ ಅಂಟಿಕೊಂಡು ಮನೆಗೆ ಬರುತ್ತಿತ್ತು.

ಅವನ ಹೆಸರನ್ನು ಪುಸ್ತಕದಲ್ಲಿ ಬರೆದವರು ನಿವೃತ್ತ ನ್ಯಾಯಾಧೀಶ ಹಂಫ್ರಿ ಆರ್ಮಿಟೇಜ್. ಅವರ ಹೆಂಡತಿ ತೀರಿಕೊಂಡಾಗ ಸಂಸ್ಕಾರ ಮಾಡಿಸಿದ್ದು ಲಯನೆಲ್. ಚರ್ಚಿನಿಂದ ವಾಪಸು ಬರುವಾಗ ಕಾರಿನಲ್ಲಿ ಜಡ್ಜ್ ಸಾಹೇಬರು ಕಿಟಕಿಯಾಚೆ ನೋಡುತ್ತ, “ಆಡ್ತೀರೇನ್ರೀ?” ಅಂದರು. ಆಡುತ್ತೇನೆ ಅಂದ. “ಹೆಂಗೆ?” “ಸುಮಾರಾಗಿ, ಸರ್. ಹ್ಯಾಂಡಿಕ್ಯಾಪ್ ಏಳು.” ಆ ಲೆಕ್ಕದಲ್ಲಿ ಅಂಕಿ ಸಣ್ಣದಾದಷ್ಟೂ ಆಟ ದೊಡ್ಡದು. ಜಡ್ಜ್ ಮೊದಲ ಸಲ ಅವನ ಮುಖ ನೋಡಿದರು. “ಏಳು ಅಂದ್ರೆ ಸುಮಾರಲ್ಲ” ಅಂದರು. ಮುಂದಿನ ವಾರ ಹೆಸರು ಬರೆದಾಗಿತ್ತು.

ಆ ಜಡ್ಜ್‌ಗೆ ಈಗ ಎಂಬತ್ತನಾಲ್ಕು. ಒಂದು ವರ್ಷದಿಂದ ಅವರ ನೆನಪು ಸೋರುತ್ತಿತ್ತು. ಮೊದಲು ಕನ್ನಡಕ, ಆಮೇಲೆ ವಾರದ ದಿನ, ಆಮೇಲೆ ಮನುಷ್ಯರು. ಈ ಸಂಗತಿ ತನಗೊಬ್ಬನಿಗೇ ಗೊತ್ತು ಎಂದು ಲಯನೆಲ್ ನಂಬಿದ್ದ. ಯಾಕೆಂದರೆ ನಂಬದೆ ಗತಿಯಿರಲಿಲ್ಲ. ಕೊನೆಯ ಎರಡು ಸಹಿ ಕ್ಯಾಪ್ಟನ್ನಿನದು ಮತ್ತು ಸೆಕ್ರೆಟರಿಯದು. ಅವು ಬೀಳಬೇಕಾದರೆ ಹೆಸರು ಬರೆದವನೇ ಖುದ್ದು ಕರೆತಂದು ಅವರಿಬ್ಬರ ಎದುರು ಜೋಡಿಯಾಗಿ ಆಡಬೇಕು. ಆಮೇಲೆ ಊಟದ ಮೇಜಿನಲ್ಲಿ ಕ್ಯಾಪ್ಟನ್ ಎಲ್ಲರ ಮುಂದೆ ಒಂದೇ ಒಂದು ಪ್ರಶ್ನೆ ಕೇಳುತ್ತಾನೆ: ಯಾರನ್ನ ಕರ್ಕೊಂಡು ಬಂದಿದೀರಿ? ಕರೆತಂದವನು ಹೆಸರು, ಪರಿಚಯವಾಗಿ ಎಷ್ಟು ವರ್ಷ, ಇಷ್ಟು ಹೇಳಿ ‘ಇವನಿಗೆ ನಾನು ಹೊಣೆ’ ಅನ್ನಬೇಕು. ಅಷ್ಟೇ. ಹೊಣೆ ನಿಲ್ಲುವವನು ಇಲ್ಲವಾದರೆ ಪುಟ ಇದ್ದೂ ಇಲ್ಲದಂತೆ. ಅವನ ಬದಲಿಗೆ ಬೇರೊಬ್ಬ ಸದಸ್ಯ ಹೊಣೆ ನಿಲ್ಲಬೇಕಾದರೆ ಹತ್ತು ವರ್ಷದ ಪರಿಚಯ ಬೇಕು. ಲಯನೆಲ್‌ಗೆ ಅರವತ್ತಮೂರು.

ಆ ಆಟಕ್ಕೆ ಸೆಪ್ಟೆಂಬರ್ ಕೊನೆಯ ಗುರುವಾರ ನಿಗದಿಯಾಯಿತು. ಆ ದಿನ ಬೆಳಗ್ಗೆ ಕನ್ನಡಿಯ ಮುಂದೆ ನಿಂತಿದ್ದ ಗಂಡನನ್ನು ಜಿಲ್ ಬಾಗಿಲಿಗೊರಗಿ ನೋಡಿದಳು.

“ಟೈ ಬದಲಾಯಿಸು. ಅದು ಹೆಣದ ಟೈ.”

“ನೀಲಿ ಕಣೇ ಇದು.”

“ನೀನು ಕಟ್ಕೊಂಡ್ರೆ ಎಲ್ಲಾನೂ ಹೆಣದ ಟೈನೇ.” ಅವಳೇ ಬಂದು ಗಂಟು ಸಡಿಲಿಸಿದಳು. “ಒಂಬತ್ತು ವರ್ಷ, ಲಯನೆಲ್. ಅಲ್ಲಿ ನಾಯಿಗಳನ್ನ ಒಳಗೆ ಬಿಟ್ಕೋತಾರೆ, ಗೊತ್ತಾ? ಕ್ಯಾಪ್ಟನ್ನಿನ ನಾಯಿ ಊಟದ ಮನೇಲಿ ಮಲಗಿರುತ್ತಂತೆ. ನೀನು ನಾಯಿಯಾಗಿ ಅರ್ಜಿ ಹಾಕಿದ್ರೆ ಇಷ್ಟೊತ್ತಿಗೆ ಆಗ್ಹೋಗಿರೋದು.”

“ಇವತ್ತು ಆಗುತ್ತೆ.”

“ಆ ಮುದುಕಪ್ಪ ಹೇಗಿದಾರೆ?”

“ಚೆನ್ನಾಗಿದಾರೆ” ಅಂದ ಲಯನೆಲ್. ಅವಳು ಮತ್ತೆ ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಸಾವಿನ ಮನೆಯವರ ಫೋನು ತೆಗೆದವಳಿಗೆ ‘ಚೆನ್ನಾಗಿದಾರೆ’ ಎಂಬ ಮಾತಿನ ಬೆಲೆ ಗೊತ್ತಿತ್ತು.

ಜಡ್ಜ್ ಸಾಹೇಬರು ಗೇಟಿನ ಬಳಿ ಸಿದ್ಧವಾಗಿ ನಿಂತಿದ್ದರು. ಬೂಟು ಹೊಳೆಯುತ್ತಿತ್ತು, ಟೋಪಿ ಸರಿಯಾಗಿತ್ತು. ಇವತ್ತು ಒಳ್ಳೇ ದಿನ ಎಂದು ಲಯನೆಲ್ ಅಂದುಕೊಂಡ. ಕಾರು ಹತ್ತಿಸಿಕೊಂಡು, ದಾರಿಯುದ್ದಕ್ಕೂ ಮಗುವಿಗೆ ಮಗ್ಗಿ ಹೇಳಿಕೊಟ್ಟಂತೆ ಹೇಳಿಕೊಟ್ಟ.

“ಊಟಕ್ಕೆ ಕೂತಾಗ ಕ್ಯಾಪ್ಟನ್ ಪೆರಿ ಕೇಳ್ತಾರೆ, ಯಾರನ್ನ ಕರ್ಕೊಂಡು ಬಂದಿದೀರಿ ಅಂತ. ನೀವು ಹೇಳ್ಬೇಕು, ಲಯನೆಲ್ ಸ್ಕೀಟ್, ಒಂಬತ್ತು ವರ್ಷದ ಸ್ನೇಹ, ಇವನಿಗೆ ನಾನು ಹೊಣೆ. ಎಲ್ಲಿ, ಹೇಳಿ ನೋಡೋಣ. ನನ್ನ ಹೆಸರೇನು?”

“ಯಾಕೆ, ಮರೆತ್ಹೋಯ್ತಾ?” ಅಂದರು ಜಡ್ಜ್. ಸ್ವಲ್ಪ ದೂರ ಹೋದ ಮೇಲೆ, “ಸಾಕ್ಷಿಗೆ ಪಾಠ ಹೇಳಿಕೊಡೋದು ಅಪರಾಧ. ಗೊತ್ತಿದೆ ತಾನೆ?” ಎಂದು ಸೇರಿಸಿದರು.

ಲಯನೆಲ್‌ಗೆ ನಿಜವಾಗಿ ನಗು ಬಂತು. ಇಷ್ಟು ಚುರುಕಾಗಿದ್ದರೆ ಸಾಕು, ಮಧ್ಯಾಹ್ನ ಎರಡರವರೆಗೆ ಹೀಗೇ ಇದ್ದರೆ ಸಾಕು. ಅನುಭವಸ್ಥನಾದ ಅವನಿಗೆ ಇನ್ನೊಂದೂ ಗೊತ್ತಿತ್ತು: ಆರುವ ಮುಂಚೆ ದೀಪ ಒಮ್ಮೆ ಚೆನ್ನಾಗಿ ಉರಿಯುತ್ತದೆ ಎಂದು ಅವನ ಗಿರಾಕಿಗಳೆಲ್ಲ ಹೇಳಿದ್ದರು.

ಕ್ಯಾಪ್ಟನ್ ಪೆರಿಗ್ರಿನ್ ಲೇಕ್ ಮೆಟ್ಟಿಲ ಮೇಲೆ ನಾಯಿಯೊಂದಿಗೆ ಕಾಯುತ್ತಿದ್ದ. ಎಲ್ಲರೂ ಅವನನ್ನು ಪೆರಿ ಅನ್ನುವವರೇ. ಮೂರು ತಲೆಮಾರಿನಿಂದ ಬೇರೆಯವರ ಆಸ್ತಿ ನೋಡಿಕೊಳ್ಳುವ ಮನೆತನ. ಸ್ವೆಟರಿನ ಮೊಣಕೈ ತೂತಾಗಿತ್ತು. ಅಲ್ಲಿ ಹೊಸ ಸ್ವೆಟರು ತೊಡುವವರು ಅತಿಥಿಗಳು ಮಾತ್ರ. ಲಯನೆಲ್‌ನದು ಹೊಸತು. ಸೆಕ್ರೆಟರಿ ಕರ್ನಲ್ ಡಾಬ್ನಿ ಕೈಕುಲುಕಿ, “ಸ್ಕೀಟ್ ಅಲ್ವೇ? ನನ್ನ ಅತ್ತೆಯವರದ್ದು ನೀವೇ ಮಾಡಿದ್ದು. ಅಚ್ಚುಕಟ್ಟಾಗಿತ್ತು” ಅಂದ. ಇದಕ್ಕೆ ಏನು ಉತ್ತರ ಕೊಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಕ್ರೇಲಿ ಹೀತ್‌ನಲ್ಲಿ ಆಡುವುದೇ ಜೋಡಿ ಆಟ. ಇಬ್ಬರಿಗೆ ಒಂದೇ ಚೆಂಡು. ಒಂದು ಹೊಡೆತ ಇವನದು, ಮುಂದಿನದು ಅವನದು. ಕಮ್ಮಿ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದ ಜೋಡಿಗೆ ಆ ಕುಳಿ, ಒಟ್ಟು ಹದಿನೆಂಟು ಕುಳಿ. ಬೆಸ ಕುಳಿಗಳಲ್ಲಿ ಮೊದಲ ಹೊಡೆತ ಒಬ್ಬನದಾದರೆ ಸಮ ಕುಳಿಗಳಲ್ಲಿ ಇನ್ನೊಬ್ಬನದು. ಸರದಿ ತಪ್ಪಿ ಹೊಡೆದರೆ ಆ ಕುಳಿ ಎದುರಾಳಿಗೆ ಹೋಯಿತು. ಸಂಸಾರದ ಹಾಗೆ ಎಂದು ಅಲ್ಲಿಯ ಹಳಬರು ಹೇಳುತ್ತಾರೆ: ಅವನು ಪೊದೆಗೆ ಹಾಕಿದ್ದನ್ನು ಇವನು ತೆಗೆಯಬೇಕು, ಮುಖ ಗಂಟಿಕ್ಕುವ ಹಾಗಿಲ್ಲ. ಜಡ್ಜ್ ಐವತ್ತೊಂದು ವರ್ಷದಿಂದ ಬೆಸ ಕುಳಿಗಳವರು. ಹಾಗೇ ಶುರುವಾಯಿತು.

ಮನಸ್ಸು ಕೈಬಿಟ್ಟಿದ್ದರೂ ಮುದುಕರ ಕೈ ಅವರನ್ನು ಬಿಟ್ಟಿರಲಿಲ್ಲ. ಕೋಲು ಹಿಡಿದ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು. ನಿಧಾನ ಹಿಂದಕ್ಕೆ, ನಿಧಾನ ಮುಂದಕ್ಕೆ, ಟಕ್ ಎಂಬ ಒಣ ಸದ್ದು. ದೂರ ಹೋಗುತ್ತಿರಲಿಲ್ಲ, ಅಡ್ಡವೂ ಹೋಗುತ್ತಿರಲಿಲ್ಲ. ಲಯನೆಲ್ ಮೊದಲ ಮೂರು ಕುಳಿ ಅಳುಕುತ್ತಲೇ ಆಡಿದ. ನಾಲ್ಕನೆಯದರಲ್ಲಿ ಪಾದದಡಿಯ ನೆಲ ಅವನನ್ನು ಸಮಾಧಾನ ಮಾಡಿತು. ಮರಳಿನ ಮೇಲಿನ ಗಿಡ್ಡ ಹುಲ್ಲು. ಚೆಂಡು ಅದರ ಮೇಲೆ ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ಕೂತಿರುತ್ತದೆ. ಹೆದರ್ ಹೂವು ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಒಂಬತ್ತನೆಯ ಕುಳಿ ದಾಟುವಾಗ ಅವನು ಬಲಕ್ಕೆ ನೋಡಿ ಅಭ್ಯಾಸಬಲದಿಂದ ತಲೆ ಬಾಗಿಸಿದ. ಅಲ್ಲಿ ಅವನು ಸುರಿದವರು ಹನ್ನೊಂದು ಜನ.

“ಚೆನ್ನಾಗಿ ಆಡ್ತೀರಿ, ಸ್ಕೀಟ್” ಅಂದ ಪೆರಿ. ನಿಜವಾಗಿಯೂ ಅಚ್ಚರಿಪಟ್ಟ ದನಿ. ಹದಿಮೂರು ಕುಳಿ ಮುಗಿದಾಗ ಲಯನೆಲ್ ಮತ್ತು ಜಡ್ಜ್ ಒಂದು ಕುಳಿ ಮುಂದಿದ್ದರು. ಲಯನೆಲ್‌ಗೆ ಮೊದಲ ಸಲ, ಬಹಳ ಎಚ್ಚರಿಕೆಯಿಂದ, ಹೀಗೂ ಆಗಬಹುದಲ್ಲವೇ ಅನ್ನಿಸಿತು.

ಹದಿನಾಲ್ಕನೆಯದು ಸಮ ಕುಳಿ, ಮೊದಲ ಹೊಡೆತ ಅವನದು. ಕೈಗವಸು ಬಿಗಿ ಮಾಡಿಕೊಂಡು ತಲೆ ಎತ್ತಿದರೆ ಜಡ್ಜ್ ಆಗಲೇ ಮೊದಲ ಹೊಡೆತದ ದಿಬ್ಬ ಹತ್ತಿ, ಬಗ್ಗಿ, ಪುಟ್ಟ ಮೊಳೆ ನೆಟ್ಟು ಅದರ ಮೇಲೆ ಚೆಂಡು ಕೂರಿಸುತ್ತಿದ್ದರು.

ಹೊಡೆಯುವ ಮುಂಚೆ ತಡೆದರೆ ದಂಡವಿಲ್ಲ. ‘ಸಾಹೇಬ್ರೇ, ಇದು ನಂದು’ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಲಯನೆಲ್‌ನ ನಾಲಿಗೆಯ ತುದಿಗೆ ಬಂದು, ಅಲ್ಲೇ ನಿಂತು, ಆಚೀಚೆ ನೋಡಿತು. ಹೇಳಿದರೆ ಮುದುಕರ ತಲೆ ಕೆಟ್ಟಿದೆ ಎಂದು ಕ್ಯಾಪ್ಟನ್ನಿನ ಎದುರು ತಾನೇ ಸಾರಿದಂತೆ. ತಲೆ ಕೆಟ್ಟವರ ಹೊಣೆಗೆ ಏನು ಬೆಲೆ? ಹೇಳದಿದ್ದರೆ ಗೊತ್ತಿದ್ದೂ ಮೋಸದಾಟ. ಪೆರಿ ನಾಯಿಯ ಕಿವಿಯಲ್ಲಿ ಸಿಕ್ಕಿದ ಮುಳ್ಳು ತೆಗೆಯುತ್ತಿದ್ದ. ಕರ್ನಲ್ ಆಕಾಶ ನೋಡುತ್ತಿದ್ದ. ಅಷ್ಟು ಹೊತ್ತು ನೋಡುವಂಥದ್ದು ಆಕಾಶದಲ್ಲಿ ಏನೂ ಇರಲಿಲ್ಲ.

ಟಕ್ ಎಂದಿತು. ಆ ಬೆಳಗಿನ ಅತ್ಯುತ್ತಮ ಹೊಡೆತ.

“ಭೇಷ್, ಹಂಫ್ರಿ” ಅಂದ ಪೆರಿ.

ಲಯನೆಲ್ ಮುಂದೆ ಬಂದ. ಶವಪೆಟ್ಟಿಗೆ ಹೊರುವವರಲ್ಲಿ ಒಬ್ಬ ಎಡವಿದರೆ ತಪ್ಪು ತನ್ನದೇ ಎಂಬಂತೆ ಮುಂದೆ ಬಂದು ನಿಲ್ಲುವುದು ಅವನ ಕಸುಬಿನ ರೂಢಿ. ಅದೇ ಮೆಲುದನಿಯಲ್ಲಿ ಹೇಳಿದ: “ಕ್ಯಾಪ್ಟನ್, ತಪ್ಪು ನಂದು. ಈ ಹೊಡೆತ ನಾನು ಹೊಡೀಬೇಕಿತ್ತು. ಮೈಮರೆತು ನಿಂತ್ಬಿಟ್ಟೆ. ಈ ಕುಳಿ ನಿಮ್ಮದು.”

ಉತ್ತರ ಕೊಟ್ಟವರು ಜಡ್ಜ್.

“ಏನಂತೆ ಈ ಮನುಷ್ಯಂದು? ಬೆಸ ಕುಳಿ ನಂದು. ಇದು ಹದಿಮೂರು.”

“ಹದಿನಾಲ್ಕು, ಸಾಹೇಬ್ರೇ. ಆದ್ರೆ ತಪ್ಪು ನಂದೇ…”

“ಐವತ್ತೊಂದು ವರ್ಷದಿಂದ ಇಲ್ಲಿ ಆಡ್ತಾ ಇದೀನಿ. ಎಲ್ಲಿ ನಿಂತಿದೀನಿ ಅಂತ ನನಗೆ ಗೊತ್ತಿಲ್ವಾ? ಪೆರಿ, ಇದು ಎಷ್ಟನೇದು?”

“ಹದಿಮೂರು, ಹಂಫ್ರಿ” ಅಂದ ಪೆರಿ, ಮುಖದ ಒಂದು ಗೆರೆಯೂ ಅಲುಗದೆ. “ಖಂಡಿತ ಹದಿಮೂರು. ನಡೀರಿ, ಹೋಗೋಣ.”

ಲಯನೆಲ್ ಹೋದ. ಎರಡನೆಯ ಹೊಡೆತ ಅವನದು. ಚೆಂಡು ಬಲಕ್ಕೆ ವಾಲಿ ಹೆದರ್ ಪೊದೆಯೊಳಗೆ ಕಾಣೆಯಾಯಿತು. ಜಡ್ಜ್ ದಾರಿಯಲ್ಲೇ ನಿಂತು ನಾಯಿಯ ಜೊತೆ ಮಾತಾಡುತ್ತಿದ್ದರು. ಲಯನೆಲ್ ಮತ್ತು ಕರ್ನಲ್ ಬಗ್ಗಿ, ಕೋಲಿನಿಂದ ಪೊದೆ ಸರಿಸುತ್ತ ಹುಡುಕಿದರು. ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲದ ಕಾರಣ ಆ ಕ್ಲಬ್ಬಿನ ನಿಜವಾದ ಮಾತುಕತೆಯೆಲ್ಲ ನಡೆಯುವುದು ಹೀಗೆ ಚೆಂಡು ಹುಡುಕುವಾಗ.

“ನಾವು ಅದನ್ನ ಹೇಳೋದಿಲ್ಲ” ಅಂದ ಕರ್ನಲ್, ಪೊದೆಗೆ.

“ಏನನ್ನ?”

“ಸರದೀನ. ಒಂದು ವರ್ಷದಿಂದ ಅವರು ಹೊಡೆದಿದ್ದೇ ಸರದಿ. ಜೊತೇಲಿ ಇರೋರು ಹಿಂದೆ ಮುಂದೆ ಸರಿದುಕೊಂಡು ಹೊಂದಿಸ್ಕೋತೀವಿ. ಎಲ್ರಿಗೂ ಗೊತ್ತು. ಯಾರೂ ಆಡಲ್ಲ.”

ಲಯನೆಲ್ ಕೋಲು ಊರಿ ನಿಂತ. “ಆದ್ರೆ ನಿಯಮ ಅಂತ ಒಂದಿದೆಯಲ್ಲ, ಕರ್ನಲ್. ನಾನು ಸುಮ್ಮನಿದ್ರೆ ಮೋಸ ಆಗ್ತಿರ್ಲಿಲ್ವೇ?”

“ಆಗ್ತಿತ್ತು.”

“ಹಾಗಾದ್ರೆ ನಾನು ಏನು ಮಾಡ್ಬೇಕಿತ್ತು?”

ಕರ್ನಲ್ ಪ್ರಾಮಾಣಿಕವಾಗಿ ಯೋಚಿಸಿದ. ಅವನು ಕೆಟ್ಟವನಲ್ಲ. “ಸದಸ್ಯ ಆಗಿದ್ರೆ ಸುಮ್ಮನಿರಬಹುದಿತ್ತು” ಅಂದ. “ಆಗ ಅದು ದಾಕ್ಷಿಣ್ಯ. ಆಗದೇ ಇರೋರು… ಹೋದ ವರ್ಷ ಒಬ್ಬರು ಸುಮ್ಮನಿದ್ರು, ಬೇರೆ ಯಾವುದೋ ವಿಷಯಕ್ಕೆ. ಅವರ ಪುಟಾನೂ ಹಾಗೇ ಇದೆ.” ಬಗ್ಗಿ ಏನನ್ನೋ ಎತ್ತಿದ. “ಇದು ನಿಮ್ಮದಲ್ಲ. ಹಳೇದು, ಯಾರದೋ.”

ಚೆಂಡು ಸಿಗಲಿಲ್ಲ. ಮುಂದಿನ ಕುಳಿಯ ದಿಬ್ಬದಲ್ಲಿ ಪೆರಿ, “ಆ ಕುಳೀಲಿ ಎರಡೂ ಜೋಡಿ ಸಮ ಅಂತ ಇಟ್ಕೊಳ್ಳೋಣ” ಅಂದ. ಕಳೆದುಹೋದ ಚೆಂಡು, ತಪ್ಪಿದ ಸರದಿ, ತಪ್ಪೊಪ್ಪಿಗೆ, ಮೂರೂ ಸೇರಿ ಸಮವಾದವು. ಹದಿನೆಂಟು ಮುಗಿದಾಗ ಜಡ್ಜ್ ಮತ್ತು ಲಯನೆಲ್ ಒಂದು ಕುಳಿಯಿಂದ ಗೆದ್ದಿದ್ದರು. ಕರ್ನಲ್ ಮತ್ತು ಪೆರಿ ಟೋಪಿ ತೆಗೆದು ಕೈಕುಲುಕಿದರು. ಬಾಗಿಲಿಗೆ ಬಂದವನಿಗೆ ಹಿಡಿ ಅಕ್ಕಿ ಹಾಕಿದಂಥ ಗೆಲುವು.

ಆದರೂ ಸ್ವೆಟರಿನ ಮೇಲೆ ಕೋಟು ತೊಟ್ಟು ಊಟದ ಮನೆಗೆ ಹೋಗುವಾಗ ಲಯನೆಲ್ ಹಜಾರದ ಮೇಜು ನೋಡಿದ. ಪುಸ್ತಕ ತೆರೆದಿತ್ತು, ಅವನದೇ ಪುಟ, ಪಕ್ಕದಲ್ಲಿ ಲೇಖನಿ. ಯಾರೋ ಆಗಲೇ ಸಿದ್ಧ ಮಾಡಿಟ್ಟಿದ್ದರು. ಇನ್ನೂ ಎರಡು ಗೆರೆ ಉಳಿದಿತ್ತು, ಒಂದು ಪ್ರಶ್ನೆ, ಒಂದು ಉತ್ತರ. ಗೋಡೆ ಕಡೆ ತಿರುಗಿ ಜಡ್ಜ್‌ರ ಟೈ ಸರಿ ಮಾಡುವ ನೆಪದಲ್ಲಿ, “ಲಯನೆಲ್ ಸ್ಕೀಟ್. ಒಂಬತ್ತು ವರ್ಷ. ನಾನು ಹೊಣೆ” ಎಂದು ಪಿಸುಗುಟ್ಟಿದ. ಜಡ್ಜ್ ತಲೆಯಾಡಿಸಿದರು. “ಲಯನೆಲ್ ಸ್ಕೀಟ್” ಅಂದರು, ಸ್ಪಷ್ಟವಾಗಿ.

ಉದ್ದನೆಯ ಒಂದೇ ಮೇಜು. ಇಪ್ಪತ್ತು ಜನ ಇದ್ದರು. ಬಿಸಿ ಸೂಪು ಬಂತು, ಹಿಂದೆಯೇ ಕುರಿಮಾಂಸದ ವಾಸನೆ. ಮುದುಕರ ಮುಂದೆ ಬಟ್ಟಲಿಟ್ಟಾಗ ಅವರು ಚಮಚವನ್ನೇ ನೋಡುತ್ತ ಕೂತರು. ಲಯನೆಲ್ ತನ್ನ ಚಮಚ ಎತ್ತಿ, ಅವರಿಗೆ ಕಾಣುವಂತೆ, ನಿಧಾನವಾಗಿ ಕುಡಿದು ತೋರಿಸಿದ. ಅವರೂ ಕುಡಿದರು. ಎದುರಿಗೆ ಕೂತವನೊಬ್ಬ ಸೌಜನ್ಯದಿಂದ ಬೇರೆ ಕಡೆ ನೋಡಿದ.

ಸೂಪಿನ ಬಟ್ಟಲು ತೆಗೆದರು. ಪೆರಿ ಲೋಟಕ್ಕೆ ಚಾಕು ತಾಗಿಸಿ ಎದ್ದು ನಿಂತ.

“ಹಂಫ್ರಿ, ಇವತ್ತು ಯಾರನ್ನ ಕರ್ಕೊಂಡು ಬಂದಿದೀರಿ?”

ಜಡ್ಜ್ ತಲೆಯೆತ್ತಿದರು. ಪಕ್ಕದಲ್ಲಿ ಕೂತವನ ಕಡೆ ತಿರುಗಿದರು. ನೀಲಿ ಕೋಟು, ಮಡಿಲಲ್ಲಿ ಜೋಡಿಸಿದ ಕೈ, ತಗ್ಗಿಸಿದ ತಲೆ, ತಾಳ್ಮೆಯ ಮುಖ. ಅವರ ಕಣ್ಣಲ್ಲಿ ಗುರುತು ಮೂಡಿತು. ಲಯನೆಲ್ ಅದನ್ನು ಕಂಡ, ಎದೆ ತುಂಬಿ ಬಂತು.

“ಇವನಾ?” ಅಂದರು ಜಡ್ಜ್. “ಇವನು ಹೆಣ ಸಾಗಿಸೋನು ಕಣಯ್ಯ, ಪೆರಿ. ಯಾರನ್ನ ತಗೊಂಡು ಹೋಗೋಕೆ ಬಂದಿದಾನೆ?”

ಮೇಜಿನ ಆ ತುದಿಯಲ್ಲಿ ಒಬ್ಬ ನಕ್ಕ. ನಗು ಅರ್ಧಕ್ಕೇ ಕೆಮ್ಮಾಯಿತು. ಜಡ್ಜ್ ಒಬ್ಬೊಬ್ಬರ ಮುಖವನ್ನೂ ನಿಜವಾದ ಕಾಳಜಿಯಿಂದ ನೋಡುತ್ತ ಹೋದರು, ಯಾರು ಎಂದು ಪತ್ತೆ ಮಾಡುವವರಂತೆ. ಅವರ ನೋಟ ತಾಗಿದ ಕಡೆಯೆಲ್ಲ ಜನ ತುಸು ನೆಟ್ಟಗೆ ಕೂತರು, ಮುಖಕ್ಕೆ ಕಳೆ ತಂದುಕೊಂಡರು.

“ಸದ್ಯಕ್ಕೆ ಯಾರನ್ನೂ ಇಲ್ಲ, ಹಂಫ್ರಿ” ಅಂದ ಪೆರಿ ಮೃದುವಾಗಿ. “ಮಾಂಸ ಬರ್ತಾ ಇದೆ. ತಿನ್ನೋಣ.” ಮತ್ತು ಕೂತ.

ಲಯನೆಲ್ ತಿಂದ. ಕುರಿಮಾಂಸ, ಪುದೀನ ಚಟ್ನಿ, ಆಮೇಲೆ ಬಿಸಿ ಪುಡ್ಡಿಂಗು. ಪಕ್ಕದವರು ಅವನೊಡನೆ ಎಂದಿಗಿಂತ ಹೆಚ್ಚು ಮಾತಾಡಿದರು. ಒಬ್ಬ ಅವನ ಹೊಡೆತಗಳನ್ನು ಹೊಗಳಿದ, ಇನ್ನೊಬ್ಬ ಮಳೆಯಿಲ್ಲದ್ದನ್ನು ಹೇಳಿದ. ಈ ದನಿ ಲಯನೆಲ್‌ಗೆ ಚೆನ್ನಾಗಿ ಗೊತ್ತಿತ್ತು. ಸಾವಿನ ಮನೆಯವರ ಜೊತೆ ತಾನು ಮಾತಾಡುವ ದನಿ ಅದು. ಕೇಳುವ ಕಡೆ ಕೂತು ಅದನ್ನು ಕೇಳಿದ್ದು ಇದೇ ಮೊದಲು. ಅದರಿಂದ ಏನೇನೂ ಸಮಾಧಾನವಾಗುವುದಿಲ್ಲ ಎಂದು ತಿಳಿಯಿತು.

ಬೂಟು ಬದಲಿಸುವ ಕೋಣೆಗೆ ಪೆರಿ ಅವನ ಹಿಂದೆಯೇ ಬಂದ. ಎರಡು ಪುಟ್ಟ ಲೋಟದಲ್ಲಿ ಶಾಜೀರಿಗೆಯ ವಾಸನೆಯ ಮದ್ಯ ತಂದಿದ್ದ. ಬೆಂಚಿನ ಮೇಲೆ ಕೂತ. ನಾಯಿಯೂ ಬಂದು ಕೂತಿತು.

“ಹಂಫ್ರಿ ಇವತ್ತು ಆಡಿದ ಹಾಗೆ ಆಡಿದ್ದನ್ನ ನಾನು ಈ ವರ್ಷ ನೋಡಿಲ್ಲ” ಅಂದ. “ನಿಮ್ಮ ಜೊತೆ ಅವರಿಗೆ ಹಾಯಾಗಿರುತ್ತೆ. ನಮಗೆ ಅವರು ಸೂಪು ಕುಡಿಯೋದು ಮರೀತಾರೆ ಅಂತಾನೇ ತಿಳಿದಿರ್ಲಿಲ್ಲ. ನೀವು ಅದನ್ನ… ಚೆನ್ನಾಗಿ ನಿಭಾಯಿಸಿದ್ರಿ.”

ಲಯನೆಲ್ ಲೇಸು ಬಿಚ್ಚುತ್ತಿದ್ದ.

“ಕಮಿಟಿಯಲ್ಲಿ ಮಾತಾಗಿದೆ. ಅವರೊಬ್ಬರನ್ನೇ ಇನ್ನು ಬಿಡೋ ಹಾಗಿಲ್ಲ. ಯಾರಾದ್ರೂ ಪ್ರತಿ ಮಂಗಳವಾರ ಕರ್ಕೊಂಡು ಬಂದು, ಆಡಿಸಿ, ಊಟ ಮಾಡ್ಸಿ, ವಾಪಸ್ ಬಿಟ್ರೆ ಸರಿ. ಇಲ್ಲಾಂದ್ರೆ ಬರ್ಬೇಡಿ ಅಂತ ಅವರಿಗೆ ಹೇಳ್ಬೇಕಾಗುತ್ತೆ. ಹೇಳೋದು ಯಾರು? ಇಲ್ಲಿ ಯಾರಿಗೂ ಆ ಅಭ್ಯಾಸ ಇಲ್ಲ.”

“ನಾನು ಬರ್ಬೇಕು ಅಂತೀರಾ?”

“ಅವರ ಅತಿಥಿಯಾಗಿ. ಪ್ರತಿ ಮಂಗಳವಾರ.”

“ಹೆಸರು ಪುಸ್ತಕದಲ್ಲಿ ಇರೋರು ವರ್ಷಕ್ಕೆ ಆರು ಸಲಕ್ಕಿಂತ ಜಾಸ್ತಿ ಅತಿಥಿಯಾಗಿ ಬರೋ ಹಾಗಿಲ್ಲ” ಅಂದ ಲಯನೆಲ್. ನಿಯಮಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು.

“ಹೌದು” ಅಂದ ಪೆರಿ. ಲೋಟದೊಳಗೆ ನೋಡಿದ. “ಅದೇ ತೊಡಕು. ಎರಡೂ ಆಗೋಕಾಗಲ್ಲ. ಪುಟ ತೆಗೀಬೇಕಾಗುತ್ತೆ.”

“ತೆಗೀದೇ ಇದ್ರೆ? ಬೇರೆ ಯಾರಾದ್ರೂ ಹೊಣೆ ನಿಂತ್ರೆ? ನೀವು?”

“ಹತ್ತು ವರ್ಷದ ಪರಿಚಯ ಬೇಕಲ್ಲ, ಸ್ಕೀಟ್. ನಾನು ನಿಮ್ಮನ್ನ ಬಲ್ಲೆ, ಇವತ್ತು ಬೆಳಗ್ಗೆ ಒಂಬತ್ತೂವರೆಯಿಂದ.” ಇದನ್ನು ಅವನು ಕುಹಕದಿಂದ ಹೇಳಲಿಲ್ಲ, ಗಡಿಯಾರ ನೋಡಿಕೊಂಡು ಹೇಳಿದ. “ಪುಟ ಇರ್ಲಿ ಅಂದ್ರೆ ಇರ್ಲಿ. ಯಾರೂ ಅದನ್ನ ಮುಟ್ಟಲ್ಲ. ನಿಮಗೆ ಗೊತ್ತಲ್ಲ, ನಾವು ಯಾರಿಗೂ ಇಲ್ಲ ಅನ್ನೋರಲ್ಲ.”

“ಮತ್ತೆ ಅವರು ಹೋದ ಮೇಲೆ?”

“ಹೋದ ಮೇಲೆ” ಎಂದು ಪೆರಿ ಕಿಟಕಿಯಾಚೆ, ತುಕ್ಕು ಬಣ್ಣದ ಬಯಲಿನ ಕಡೆ ನೋಡಿದ. “ಒಂದು ಸಲ ನೀವು ಬೇಕಾಗ್ತೀರಿ, ಹೇಗೂ.”

ಲಯನೆಲ್ ಎರಡನೆಯ ಬೂಟು ಬಿಚ್ಚಿದ. ಅದನ್ನು ತಲೆಕೆಳಗೆ ಮಾಡಿ ತಟ್ಟಿದ. ಬೆಳ್ಳನೆಯ ಮರಳು ಸಣ್ಣಗೆ ಸುರಿದು ನೆಲದ ಮೇಲೆ ಗುಪ್ಪೆಯಾಯಿತು. ಮನೆಗೆ ಹೋಗಿ ಜಿಲ್‌ಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಮೂರು ಥರ ಜೋಡಿಸಿ ನೋಡಿದ. ಎಲ್ಲಿಂದ ಶುರು ಮಾಡಿದರೂ ಅವಳು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಅಂದರೆ, ಆಯಾ ಕೆಲಸವಾ? ಹೌದು. ಆದರೆ ಬೇಡವೆಂದರೆ ಈ ಮರಳೂ ಇಲ್ಲ. ಜೇಡಿಮಣ್ಣು, ಅದರಾಚೆ ಇನ್ನೊಂದಷ್ಟು ಬೂದಿಯ ಡಬ್ಬಿಗಳು. ಒಂಬತ್ತು ವರ್ಷ ಅವನು ಕಾದದ್ದು ಎರಡು ಸಹಿಗಾಗಿ. ಈಗ ನೋಡಿದರೆ ಕಾಯಲು ಏನೂ ಉಳಿದಿರಲಿಲ್ಲ. ಹಾಗಂತ ದುಃಖವೂ ಸರಿಯಾಗಿ ಬರಲಿಲ್ಲ. ದುಃಖಕ್ಕೆ ಮುಂಚೆ ಮಾಡಬೇಕಾದ ಏರ್ಪಾಟುಗಳು ನೆನಪಾದವು.

“ಮಂಗಳವಾರ ನನಗೆ ಕೆಲಸ ಕಮ್ಮಿ” ಅಂದ.

“ತುಂಬಾ ಉಪಕಾರ” ಎಂದು ಪೆರಿ ಎದ್ದ. ನಾಯಿಯೂ ಎದ್ದಿತು.

ಹಜಾರದಲ್ಲಿ ಕರ್ನಲ್ ಡಾಬ್ನಿ ಪುಟವನ್ನು ಆಗಲೇ ತೆಗೆದಿದ್ದ. ಹರಿದಿರಲಿಲ್ಲ, ಅಳತೆಪಟ್ಟಿಯಿಟ್ಟು ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದ. ಲಕೋಟೆಯಲ್ಲಿ ಹಾಕಿ, ಮೇಲೆ ಲಯನೆಲ್‌ನ ಪೂರ್ತಿ ಹೆಸರು ಬರೆದು ಕೊಟ್ಟ. ಕಸದ ಬುಟ್ಟಿಗೆ ಹಾಕುವುದು ಅಲ್ಲಿಯ ರೀತಿಯಲ್ಲ. ಲಯನೆಲ್ ಥ್ಯಾಂಕ್ಸ್ ಹೇಳಿದ. ಪುಸ್ತಕ ಮುಂದಿನ ಹೆಸರಿಗೆ ತೆರೆದುಕೊಂಡಿತ್ತು. ಅದರ ಕೆಳಗೆ ನಾಲ್ಕು ಸಹಿ ಇದ್ದವು.

ಜಡ್ಜ್ ಸಾಹೇಬರು ಮೆಟ್ಟಿಲ ಕೆಳಗೆ ಕಾಯುತ್ತಿದ್ದರು. ಕಾರಿನ ಮುಂದಿನ ಬಾಗಿಲು ತೆರೆದರೆ ಬೇಡವೆಂದು ಹಿಂದಿನ ಸೀಟಿನಲ್ಲಿ ಕೂತರು. ಟೋಪಿ ತೆಗೆದು ಮಡಿಲಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು. ಲಯನೆಲ್ ಪೈನ್ ಮರಗಳ ನಡುವಿನ ದಾರಿಯಲ್ಲಿ ನಿಧಾನ ಹೊರಟ. ದೊಡ್ಡ ರಸ್ತೆ ಸೇರಿದ ಮೇಲೂ ಅದೇ ವೇಗ. ಹಿಂದೆ ನಾಲ್ಕಾರು ಕಾರುಗಳು ಸಾಲುಗಟ್ಟಿದವು. ಒಬ್ಬನೂ ಹಾರ್ನ್ ಮಾಡಲಿಲ್ಲ.

“ಸೊಗಸಾದ ಮೈದಾನ” ಅಂದರು ಜಡ್ಜ್.

“ಹೌದು.”

“ನೀವು ಅಲ್ಲಿ ಸದಸ್ಯರೇನು?”

ಲಯನೆಲ್ ಕನ್ನಡಿಯಲ್ಲಿ ಅವರನ್ನು ನೋಡಿದ. ಕಣ್ಣುಗಳು ತಿಳಿಯಾಗಿದ್ದವು, ಕುತೂಹಲದಿಂದಿದ್ದವು. ಅವನನ್ನು ಮೊದಲ ಸಲ ನೋಡುತ್ತಿದ್ದವು.

“ಇಲ್ಲ, ಸಾಹೇಬ್ರೇ.”

“ಪಾಪ” ಅಂದರು ಜಡ್ಜ್, ಮನಸಾರೆ. ಮತ್ತು ಕಿಟಕಿಯ ಕಡೆ ತಿರುಗಿದರು.